ಅಂಜಲ್ ಮೀನಿನ ಹಳದಿ ಪಟ್ಟಿ

ದುಬೈಯ ಅಲ್ ಬರ್ಷಾದಲ್ಲಿರುವ ಮಗನ ಫ್ಲಾಟಿಗೆ ಬಂದ ಮೇಲೆ ಧರ್ಮಪಾಲ ತಿಂಗಳಾಯರಿಗೆ ಮಾಡಲು ಒಂದು ಕೆಲಸವೂ ಸಿಗಲಿಲ್ಲ. ಹಾಲು, ತರಕಾರಿ, ಮೀನು ಎಲ್ಲವೂ ಫೋನಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತಿದ್ದವು. ಬಲ್ಬು ಹೋದರೆ ಕಟ್ಟಡದ ವಾಚ್‌ಮನ್ ಬಂದು ಹಾಕಿ ಹೋಗುತ್ತಿದ್ದ. ಸೊಸೆ ಶರ್ಮಿಳಾ ಒಳ್ಳೆಯ ಹೆಂಗಸು. ಮಾವ ಸೋಫಾದಿಂದ ಏಳುವ ಸೂಚನೆ ಕಂಡರೆ ಸಾಕು, "ನೀವು ಕೂತುಕೊಳ್ಳಿ ಮಾವ, ಎಂತ ಬೇಕು ಹೇಳಿ" ಅನ್ನುತ್ತಿದ್ದಳು. ಆ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೆ ಏನೂ ಇರಲಿಲ್ಲ, ಅದೇ ಕಷ್ಟ. ಒರಟು ಮಾತಾಗಿದ್ದರೆ ಎದುರಾಡಿಯಾದರೂ ಹೊತ್ತು ಕಳೆಯಬಹುದಿತ್ತು.

ಅಬುಧಾಬಿಯಲ್ಲಿ ಹಾಗಿರಲಿಲ್ಲ. ಎರ್ಮಾಳಿನ ಕಡಲ ದಂಡೆಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವರು, ಮುಸಫ್ಫಾದ ಹಡಗು ರಿಪೇರಿ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ತಲೆ ಬಿಳಿ ಮಾಡಿಕೊಂಡರು. ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರಲ್ಲಿ ಅವರದೂ ಹೆಂಡತಿ ಚಂದ್ರಮತಿಯದೂ ಸಂಸಾರ. ಲಿಫ್ಟು ಕೆಟ್ಟರೆ, ಯಾರದೋ ಬೀಗ ಸಿಕ್ಕಿಕೊಂಡರೆ, "ಧರ್ಮಣ್ಣ ಇದ್ದಾರಾ?" ಎಂದು ಬಾಗಿಲು ಬಡಿಯುವವರು ಇದ್ದೇ ಇದ್ದರು. ಚಳಿಗಾಲದಲ್ಲಿ ಒಂದು ದಿನ ಅವರು ಕಡಲಿಗೆ ಹೋಗಿ ಒಂದು ಅಂಜಲ್ ಹಿಡಿದು ತರುತ್ತಿದ್ದರು. ಚಂದ್ರಮತಿ ಅದನ್ನು ಅಗಲಗಲ ತುಂಡು ಮಾಡಿ, ಮೆಣಸು ಹುಣಿಸೆ ಅರೆದು ಹಚ್ಚಿ ಕಾಯಿಸಿದರೆ ವಾಸನೆ ಮೂರು ಮಾಳಿಗೆ ಇಳಿಯುತ್ತಿತ್ತು. ಮಲಯಾಳಿ ನರ್ಸು, ಪಾಕಿಸ್ತಾನದ ಡ್ರೈವರು, ಎದುರು ಮನೆಯ ಫಿಲಿಪ್ಪೀನ್ಸಿನ ಸ್ಟೇಸಿ, ಎಲ್ಲರ ಮನೆಗೂ ಒಂದೊಂದು ತುಂಡು. ವರ್ಷವಿಡೀ ತಾನು ಯಾರು ಎಂದು ಧರ್ಮಪಾಲರಿಗೆ ಸಂಶಯ ಬಂದರೂ ಆ ಒಂದು ದಿನ ಮಾತ್ರ ಆ ಸಂಶಯ ಬರುತ್ತಿರಲಿಲ್ಲ. ಆ ದಿನ ಅವರು ಮನೆಗೆ ಮೀನು ತಂದವರು.

ಕೆಲಸ ಮುಗಿಯಿತು, ಕಂಪನಿಯ ವೀಸಾ ಮುಗಿಯಿತು. ಮಗ ಸುಜಿತ್ ತನ್ನ ಹೆಸರಿನಲ್ಲಿ ಅಪ್ಪ ಅಮ್ಮನಿಗೆ ವೀಸಾ ಮಾಡಿಸಿ ದುಬೈಗೆ ಕರೆದುಕೊಂಡು ಬಂದ. ಈಗ ಅವರ ಗುರುತುಚೀಟಿಯಲ್ಲಿ ಅವರು ಮಗನ ಅವಲಂಬಿತರು.

"ಈ ಸಲ ಒಂದು ಅಂಜಲ್ ನಾನೇ ತರುತ್ತೇನೆ" ಎಂದು ಒಂದು ಸಂಜೆ ಊಟದ ಮೇಜಿನ ಮುಂದೆ ಹೇಳಿದರು.

"ಬಟ್ ಅಜ್ಜಾ, ಆಪ್‌ನಲ್ಲಿ ಕಿಂಗ್‌ಫಿಶ್ ಸಿಗ್ತದೆ. ಕ್ಲೀನ್ ಮಾಡಿ ಕೊಡ್ತಾರೆ" ಅಂದಳು ಮೊಮ್ಮಗಳು ತೃಷಾ.

"ಅದು ಬೇರೆ, ಇದು ಬೇರೆ" ಅಂದರು ಅಜ್ಜ. ಹೇಗೆ ಬೇರೆ ಎಂದು ಮಗು ಕೇಳಲಿಲ್ಲ, ಪುಣ್ಯ.

ಆದರೆ ಅಂಜಲ್ ತರುವುದು ಅಷ್ಟು ಸುಲಭದ್ದಾಗಿರಲಿಲ್ಲ. ಅದಕ್ಕೆ ಪಟ್ಟಿ ಬೇಕು.

ಅಬುಧಾಬಿಯಲ್ಲಿ ತುಳು ಮತ್ತು ಬ್ಯಾರಿ ಮಾತಾಡುವ ಕರಾವಳಿಯವರು ಕಟ್ಟಿಕೊಂಡ ಒಂದು ಗಾಳದ ಬಳಗ ಇತ್ತು. ಅಬೂ ಸೈಫ್ ಎಂಬ ಹಿರಿಯ ಅರಬರು ತಮ್ಮ ದೋಣಿಗಳಲ್ಲಿ ಇವರನ್ನು ಕಡಲಿಗೆ ಕರೆದೊಯ್ಯುತ್ತಿದ್ದರು. ಮುತ್ತು ಹೆಕ್ಕುವವರ ಮನೆತನದಲ್ಲಿ ಹುಟ್ಟಿದ ಅವರಿಗೆ ಕಡಲನ್ನು ಬರಿದು ಮಾಡುವವರನ್ನು ಕಂಡರೆ ಆಗದು. ಹಾಗಾಗಿ ಅವರದೇ ಒಂದು ಕಟ್ಟಳೆ. ಒಂದು ಚಳಿಗಾಲಕ್ಕೆ ತಮ್ಮ ದೋಣಿಯಿಂದ ಇಷ್ಟೇ ಅಂಜಲ್ ಮೇಲೆ ಬರಬೇಕು ಎಂದು ಲೆಕ್ಕ ಹಾಕಿ, ಅಷ್ಟೇ ಹಳದಿ ಪ್ಲಾಸ್ಟಿಕ್ ಪಟ್ಟಿಗಳನ್ನು ಬಳಗಕ್ಕೆ ಕೊಡುತ್ತಿದ್ದರು. ಪಟ್ಟಿ ಇದ್ದವನು ತಾನು ಹಿಡಿದ ಮೀನಿನ ಬಾಲಕ್ಕೆ ಅದನ್ನು ಬಿಗಿದು ಮನೆಗೆ ಒಯ್ಯಬಹುದು. ಪಟ್ಟಿ ಇಲ್ಲದವನ ಮೀನು ಎಷ್ಟೇ ದೊಡ್ಡದಿರಲಿ, ವಾಪಸು ನೀರಿಗೆ. ಪಟ್ಟಿಗಳನ್ನು ಯಾರಿಗೆ ಹಂಚಬೇಕು ಎಂಬುದರಲ್ಲಿ ಅವರು ತಲೆ ಹಾಕುತ್ತಿರಲಿಲ್ಲ. "ಅದು ನಿಮ್ಮ ನಿಮ್ಮೊಳಗೆ" ಅನ್ನುತ್ತಿದ್ದರು.

ನಿಮ್ಮ ನಿಮ್ಮೊಳಗೆ ಎಂದರೆ ಜಗಳ ಎಂದೇ ಅರ್ಥ. ಮೊದಮೊದಲು ಎಲ್ಲರ ಹೆಸರೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತುತ್ತಿದ್ದರು. ಆಮೇಲೆ ಸುದ್ದಿ ಹರಡಿ ದುಬೈ, ಶಾರ್ಜಾ, ಅಲ್ ಐನ್‌ಗಳಿಂದಲೂ ಜನ ಸೇರಿಕೊಂಡರು. ಒಂದು ವರ್ಷ ಹೊಳೆಯುವ ಗಾಳಕೋಲು ಹಿಡಿದು ಬಂದ ದುಬೈಯವರಿಗೇ ಹೆಚ್ಚಿನ ಪಟ್ಟಿ ಬಿತ್ತು. ಬೇಸಿಗೆಯಿಡೀ ಅಬೂ ಸೈಫರ ದೋಣಿಗಳು ತಂಗುವ ಧಕ್ಕೆಯಲ್ಲಿ ಕೊಳೆತ ಬಲೆ ಎಳೆದು, ಪ್ಲಾಸ್ಟಿಕ್ ಹೆಕ್ಕಿ ಬೆವರು ಸುರಿಸಿದ ಅಬುಧಾಬಿಯವರು ಬರಿಗೈಯಲ್ಲಿ ಉಳಿದರು. ಆಗ ಧರ್ಮಪಾಲರೇ ಎದ್ದು ನಿಂತು ಒಂದು ನಿಯಮ ಮಾಡಿದರು. ಡಬ್ಬಿ ಎರಡು. ಹತ್ತರಲ್ಲಿ ಎಂಟು ಪಟ್ಟಿ ಅಬುಧಾಬಿಯಲ್ಲಿ ವಾಸ ಇರುವವರ ಡಬ್ಬಿಗೆ, ಎರಡು ಪರವೂರಿನವರ ಡಬ್ಬಿಗೆ.

"ನಮ್ಮ ಊರಿನ ಕೈರಂಪಣಿ ನೋಡಿದ್ದೀರಲ್ಲ" ಎಂದು ಅಂದು ಅವರು ಹೇಳಿದ್ದರು. ಕೈರಂಪಣಿ ಎಂದರೆ ದಂಡೆಯಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಅವರ ಅಪ್ಪ ಜೀವಮಾನವಿಡೀ ಅದನ್ನು ಎಳೆದವರು. "ಅಲ್ಲಿ ಹಗ್ಗ ಎಳೆದವನಿಗೆ ಪಾಲು. ಎಳೆಯದವನಿಗೆ ಇಲ್ಲ. ಇಷ್ಟೇ ನ್ಯಾಯ."

ದುಬೈಯಿಂದ ಬಂದಿದ್ದ ತೌಫೀಕ್ ಎಂಬವನು ಹಿಂದಿನ ಸಾಲಿನಿಂದ ಕೇಳಿದ್ದ, "ನಾವು ಎಳೆಯುವುದಿಲ್ಲ ಎಂದು ಯಾರು ಹೇಳಿದ್ದು ಧರ್ಮಣ್ಣ? ನೀವು ಬುಧವಾರ ಮಧ್ಯಾಹ್ನ ಧಕ್ಕೆ ಗುಡಿಸಿದರೆ ನಾನು ದುಬೈಯ ಆಫೀಸಿಗೆ ಬೀಗ ಹಾಕಿ ಬರಲಿಕ್ಕಾಗುತ್ತದಾ? ಹಗ್ಗವನ್ನೇ ಕೊಡದೆ ಎಳೆಯಲಿಲ್ಲ ಅಂದರೆ ಹೇಗೆ?"

ಎಲ್ಲರೂ ನಕ್ಕರು. ಧರ್ಮಪಾಲರೂ ನಕ್ಕರು. ನಿಯಮ ಪಾಸಾಯಿತು. ಆ ಮೇಲೆ ವರ್ಷ ವರ್ಷವೂ ಅವರಿಗೆ ಪಟ್ಟಿ ಬಿದ್ದದ್ದು ಎಂಟರ ಡಬ್ಬಿಯಿಂದಲೇ.

ಈಗ ಅವರ ಬಿಡಾರ ಅಲ್ ಬರ್ಷಾದಲ್ಲಿ. ಅವರದೇ ನಿಯಮದ ಪ್ರಕಾರ ಅವರು ಪರವೂರಿನವರು.

ಬಳಗದ ಕಾರ್ಯದರ್ಶಿ ಸಿದ್ದೀಕ್, ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಟೈಲರಿಂಗ್ ಅಂಗಡಿ ಇಟ್ಟವನು, ಅವರ ಹಳೆಯ ನೆರೆಯವನು, ಫೋನು ಮಾಡಿದ. "ಭಾನುವಾರ ಚೀಟಿ ಎತ್ತುವುದು ಧರ್ಮಣ್ಣ. ನಿಮ್ಮ ಹೆಸರು ನಮ್ಮ ಡಬ್ಬಿಯಲ್ಲೇ ಹಾಕುತ್ತೇನೆ."

"ನಾನೀಗ ದುಬೈಯಲ್ಲಲ್ಲವಾ ಮಾರಾಯ?"

"ಯಾರು ನಿಮ್ಮ ಐಡಿ ನೋಡುತ್ತಾರೆ? ಅಷ್ಟು ವರ್ಷ ಇಲ್ಲಿ ಬೆವರು ಸುರಿಸಿದ್ದೀರಿ. ನಿಯಮ ಮಾಡಿದವರೇ ನೀವು, ನಿಮಗೆ ಯಾರು ನಿಯಮ ಹೇಳಲಿಕ್ಕೆ? ಖಲಾಸ್."

ಧರ್ಮಪಾಲರು ಕಿಟಕಿಯಾಚೆ ನೋಡಿದರು. ಮೆಟ್ರೋ ಹೋಗುತ್ತಿತ್ತು. ಎರಡೇ ಪಟ್ಟಿಯ ಡಬ್ಬಿಗೆ ಅಷ್ಟೊಂದು ಜನ, ಎಂಟು ಪಟ್ಟಿಯ ಡಬ್ಬಿಗೆ ಇಷ್ಟೇ ಜನ. ಶರ್ಮಿಳಾಳ ಬಿಳಿ ಅಡುಗೆಕಟ್ಟೆಯ ಮೇಲೆ ಉದ್ದಕ್ಕೆ ಮಲಗಿದ ಮೀನೊಂದು ಅವರ ಕಣ್ಣಿಗೆ ಕಟ್ಟಿತು.

"ಹಾಗೇ ಇರಲಿ ಬಿಡು" ಅಂದರು.

ಬಟ್ಟೆ ಮಡಚುತ್ತಿದ್ದ ಚಂದ್ರಮತಿ ತಲೆ ಎತ್ತಲಿಲ್ಲ. "ಅಬುಧಾಬಿಯಲ್ಲಿ ನಮ್ಮ ಮನೆ ಈಗ ಎಲ್ಲಿ ಉಂಟು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಮುಂದಿನ ಅಂಗಿಯನ್ನು ಕೈಗೆತ್ತಿಕೊಂಡರು.

ಭಾನುವಾರ ಇಬ್ನ್ ಬತ್ತೂತಾ ನಿಲ್ದಾಣದಲ್ಲಿ ಅಬುಧಾಬಿಯ ಬಸ್ಸು ಹತ್ತಿದರೆ ಒಳಗೆ ತೌಫೀಕ್ ಕೂತಿದ್ದ. ಕಾರಿನ ಬಿಡಿಭಾಗಗಳ ಆಫೀಸಿನಲ್ಲಿ ಕೆಲಸ, ಅಲ್ ಬರ್ಷಾದಲ್ಲೇ ಮನೆ, ತುಟಿಯ ತುದಿಯಲ್ಲಿ ಯಾವಾಗಲೂ ಒಂದು ನಗು.

"ಓಹೋ, ಬನ್ನಿ ಬನ್ನಿ. ಇದು ಪರವೂರಿನವರ ಬಸ್ಸು ಧರ್ಮಣ್ಣ. ಊರಿನವರಿಗೆ ಎಂಟು ಸೀಟು ಮುಂದೆ ಉಂಟು, ನಮಗೆ ಎರಡು ಹಿಂದೆ."

ಧರ್ಮಪಾಲರು ನಗುವ ಪ್ರಯತ್ನ ಮಾಡುತ್ತಾ ಪಕ್ಕದಲ್ಲಿ ಕೂತರು.

"ನಿಮ್ಮನ್ನು ಹಂಗಿಸುವುದಲ್ಲ" ಎಂದು ತೌಫೀಕ್ ದನಿ ಇಳಿಸಿದ. "ನಿಜ ಹೇಳಬೇಕಾದರೆ ನೀವು ನಮ್ಮ ಡಬ್ಬಿಗೆ ಬಂದದ್ದು ನನಗೆ ಖುಷಿಯೇ. ನನ್ನ ಚೀಟಿಗೆ ಒಬ್ಬ ಹೆಚ್ಚಾದ, ಅದು ಬಿಡಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನಗೆ ಪಟ್ಟಿ ಬಿದ್ದದ್ದು ಗೊತ್ತುಂಟಾ? ನಾನು ಹಿಡಿದ ಮೀನನ್ನು ಬಿಟ್ಟು ಬಿಟ್ಟು ಬರುವುದು ನೋಡಿ ನನ್ನ ಹೆಂಡತಿ ಮುಬೀನ ಹೇಳುತ್ತಾಳೆ, ನೀವು ಕಡಲಿಗೆ ಮೀನು ಹಿಡಿಯಲಿಕ್ಕೆ ಹೋಗುವುದಾ, ಮಾತಾಡಿಸಿ ಬರಲಿಕ್ಕಾ ಅಂತ."

"ಹ್ಞೂಂ."

"ನಾನು ಅವಳಿಗೆ ಹೇಳಿದೆ, ಈ ಸಲ ಧರ್ಮಣ್ಣನೇ ನಮ್ಮ ಕಡೆ ಇದ್ದಾರೆ ಅಂತ. ಅಲ್ಲ, ತಮಾಷೆ ನೋಡಿ. ಅಬೂ ಸೈಫ್ ಮುಂದೆ ನಾವೆಲ್ಲ ಪರವೂರಿನವರೇ, ಅವರು ಮನಸ್ಸು ಮಾಡಿದರೆ ಎಲ್ಲರಿಗೂ ಮಾಫಿ, ಒಂದು ಪಟ್ಟಿಯೂ ಇಲ್ಲ. ಅಂಥವರು ಕೇಳದ ಊರನ್ನು ನಾವು ಒಬ್ಬರಿಗೊಬ್ಬರು ಕೇಳುತ್ತೇವೆ."

ಬಸ್ಸು ಮರಳಿನ ನಡುವೆ ಓಡುತ್ತಿತ್ತು. ಹೇಳಬೇಕಿತ್ತು. ನನ್ನ ಹೆಸರು ನಿಮ್ಮ ಡಬ್ಬಿಯಲ್ಲಿಲ್ಲ ತೌಫೀಕ್ ಎಂಬ ಮಾತು ಗಂಟಲಿನವರೆಗೆ ಬರುವುದು, ಅಷ್ಟರಲ್ಲಿ ಅವನು ಇನ್ನೊಂದು ಕಥೆ ಶುರುಮಾಡುವುದು. ಅವನು ತನ್ನ ಚೀಲದಿಂದ ಮುಬೀನ ಮಾಡಿಕೊಟ್ಟ ಮೊಟ್ಟೆಯ ರೊಟ್ಟಿ ತೆಗೆದು ಅರ್ಧ ಹರಿದು ಕೊಟ್ಟ. ಧರ್ಮಪಾಲರು ತಿಂದರು. ರುಚಿಯಾಗಿತ್ತು.

ಸಿದ್ದೀಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಹಾಲಿನ ಪುಡಿಯ ಎರಡು ಡಬ್ಬಿ. ಚೀಟಿ ಹಾಕುವ ಮೊದಲು ಎಲ್ಲರ ಹೆಸರು ಓದಬೇಕೆಂಬುದೂ ಧರ್ಮಪಾಲರೇ ಮಾಡಿದ ಕ್ರಮ. ಸಿದ್ದೀಕ್ ಅಬುಧಾಬಿಯ ಹೆಸರುಗಳನ್ನು ಒಂದೊಂದಾಗಿ ಓದಿ ಚೀಟಿ ಮಡಚಿ ಹಾಕುತ್ತಾ ಹೋದ. ನಡುವೆ ಎಲ್ಲೋ, ಸ್ವಲ್ಪ ಬೇಗ ಬೇಗ, "ಧರ್ಮಪಾಲ ತಿಂಗಳಾಯ" ಅಂದ.

ತೌಫೀಕ್ ಒಮ್ಮೆ ಅವರ ಕಡೆ ತಿರುಗಿ ನೋಡಿದ. ಬಸ್ಸಿನಲ್ಲಿ ಇದ್ದ ನಗು ಈಗಲೂ ಇತ್ತು, ಅದನ್ನು ಎಲ್ಲಿ ಇಡಬೇಕು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಮೊಬೈಲು ತೆಗೆದು ತಲೆ ತಗ್ಗಿಸಿದ.

ಅವನು ಬೈದಿದ್ದರೆ ಧರ್ಮಪಾಲರು ಬಹುಶಃ ಕೂತೇ ಇರುತ್ತಿದ್ದರು. ಆ ತಗ್ಗಿದ ತಲೆ ಅವರನ್ನು ಎಬ್ಬಿಸಿತು.

"ಸಿದ್ದೀಕ್, ಆ ಚೀಟಿ ತೆಗೆ. ನನ್ನ ಮನೆ ಈಗ ಇಲ್ಲಿಲ್ಲ."

"ಕೂತುಕೊಳ್ಳಿ ಧರ್ಮಣ್ಣ, ಯಾರಿಗೂ ಬೇಜಾರಿಲ್ಲ."

"ನನಗುಂಟು. ತೆಗೆ. ಇನ್ನೊಂದು ಮಾತು. ಈ ಎಂಟು ಎರಡರ ನಿಯಮ ಸರಿಯಿಲ್ಲ, ಬದಲಿಸಬೇಕು."

ಆಗ ಎದುರು ಸಾಲಿನಿಂದ ಮುಹಿಯುದ್ದೀನ್ ಗಂಟಲು ಸರಿಮಾಡಿಕೊಂಡ. ಟ್ಯಾಕ್ಸಿ ಓಡಿಸುವವನು. ಆಗಸ್ಟಿನ ಬೆಂಕಿಯಲ್ಲೂ ಧಕ್ಕೆಯ ಕೆಲಸಕ್ಕೆ ತಪ್ಪಿಸಿಕೊಂಡವನಲ್ಲ. ನಾಲಗೆ ಮಾತ್ರ ಉಪ್ಪು ಕಾಗದ.

"ಹೋದ ವರ್ಷದವರೆಗೆ ಗಟ್ಟಿಯಿದ್ದ ನ್ಯಾಯ ಈಗ ದುಬೈ ಬಸ್ಸಿನಲ್ಲಿ ಬರುವಾಗ ಅಲುಗಾಡಿ ಮುರಿಯಿತಾ ಧರ್ಮಣ್ಣ?"

ಕೋಣೆಯೆಲ್ಲ ನಗು. ಧರ್ಮಪಾಲರ ಮುಖ ಕೆಂಪಾಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮನೆ ಬದಲಾಗದಿದ್ದರೆ ಅವರು ಇಂದು ಏಳುತ್ತಿದ್ದರೇ? ಇಲ್ಲ. ಅವರಿಗೇ ಅದು ಗೊತ್ತಿತ್ತು.

"ಹೌದು ಮುಹಿಯುದ್ದೀನ್. ಬಸ್ಸಿನಲ್ಲೇ ಮುರಿಯಿತು."

ನಗು ನಿಂತಿತು. ಹೀಗೆ ಒಪ್ಪಿಕೊಳ್ಳುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ.

"ನನಗೆ ಲಾಭವಾಗಲಿಕ್ಕೆ ಹೇಳುತ್ತೇನೆ ಎಂದು ನಿನಗೆ ಕಾಣುತ್ತದೆ. ಕಾಣಬೇಕಾದ್ದೇ. ಹಾಗಾದರೆ ಹೀಗೆ ಮಾಡು ಸಿದ್ದೀಕ್, ಈ ವರ್ಷ ನನ್ನ ಹೆಸರು ಎರಡು ಡಬ್ಬಿಯಲ್ಲೂ ಬೇಡ. ನನಗೆ ಪಟ್ಟಿ ಬೇಡ. ಈಗ ಕೇಳುತ್ತೀರಾ?"

ಬೇಡ ಎಂಬ ಮಾತು ಬಾಯಿಂದ ಹೊರಟ ಕ್ಷಣವೇ ಬಿಳಿ ಅಡುಗೆಕಟ್ಟೆಯ ಮೇಲಿನ ಆ ಮೀನು ಅವರ ಕಣ್ಣಿಂದ ಮರೆಯಾಯಿತು. ಆದರೂ ಮುಂದುವರಿಸಿದರು.

"ಕೈರಂಪಣಿಯಲ್ಲಿ ಎಳೆದವನಿಗೆ ಪಾಲು ಎಂದು ಅವತ್ತು ನಾನೇ ಹೇಳಿದ್ದು. ಅದರಲ್ಲಿ ಅರ್ಧ ಮಾತ್ರ ಹೇಳಿದ್ದೆ. ಇನ್ನರ್ಧ ಏನೆಂದರೆ, ಹಗ್ಗ ದಂಡೆಯ ಮೇಲೆ ಬಿದ್ದಿರುತ್ತದೆ. ಯಾರು ಬೇಕಾದರೂ ಹಿಡಿಯಬಹುದು. ದಾರಿಯಲ್ಲಿ ಹೋಗುವವನು ಬಂದು ಕೈ ಕೊಟ್ಟರೂ ಅವನಿಗೊಂದು ಪಾಲು. ನೀನು ಯಾವ ಊರು ಎಂದು ನಮ್ಮಪ್ಪ ಯಾರನ್ನೂ ಕೇಳಿದ್ದು ನಾನು ಕಂಡಿಲ್ಲ. ನಾನು ಇಲ್ಲಿ ಎಳೆತವನ್ನು ಲೆಕ್ಕ ಹಿಡಿಯುವ ಬದಲು ಮನೆ ವಿಳಾಸ ಲೆಕ್ಕ ಹಿಡಿದೆ. ಅಬುಧಾಬಿಯಲ್ಲಿದ್ದು ಒಂದು ದಿನವೂ ಧಕ್ಕೆಗೆ ಬಾರದವನಿಗೂ ಎಂಟರ ಡಬ್ಬಿ. ತೌಫೀಕ್ ಬರುತ್ತೇನೆ ಅಂದರೂ ಕೆಲಸ ಇಟ್ಟದ್ದು ಬುಧವಾರ ಮಧ್ಯಾಹ್ನ."

"ಬದಲಿಗೆ ಎಂತ ಮಾಡಬೇಕು, ಅದನ್ನು ಹೇಳಿ" ಅಂದ ಸಿದ್ದೀಕ್.

"ಕೆಲಸದ ದಿನವನ್ನು ಶನಿವಾರಕ್ಕೆ ಹಾಕುವ. ಬಂದು ದುಡಿದವನ ಹೆಸರು ಡಬ್ಬಿಗೆ. ಡಬ್ಬಿ ಒಂದೇ. ಎಲ್ಲಿಂದ ಬಂದ ಎಂದು ಕೇಳುವುದು ಬೇಡ."

"ಒಳ್ಳೇ ಮಾತು" ಅಂದ ಮುಹಿಯುದ್ದೀನ್. "ದುಬೈಯವರು ಜನವರಿಯ ತಂಗಾಳಿಯಲ್ಲಿ ಬಂದು ಎರಡು ಬಾಟಲಿ ಹೆಕ್ಕಿ, ಫೋಟೋ ತೆಗೆದು ಹೋಗುತ್ತಾರೆ. ನಾವು ಜುಲೈಯಲ್ಲಿ ಬೇಯುವುದು. ಚೀಟಿ ಮಾತ್ರ ಸಮ ಸಮ."

ಈ ಸಲ ನಕ್ಕವನು ತೌಫೀಕ್. "ಅದು ಸರಿಯಾದ ಮಾತು ಮುಹಿಯುದ್ದೀನಾಕ. ಸೆಕೆಯ ತಿಂಗಳಲ್ಲಿ ಬಂದರೆ ಮಾತ್ರ ಲೆಕ್ಕ ಎಂದು ಮಾಡಿ. ನಾನು ಬರುತ್ತೇನೆ."

"ನೋಡುವ."

"ನೋಡಿ."

ಮಾತು ಚಹಾದವರೆಗೆ ಎಳೆಯಿತು. ಕೊನೆಗೆ ಮುಹಿಯುದ್ದೀನನೇ ಒಂದು ಗೆರೆ ಎಳೆದ. ಹೊಸ ನಿಯಮ ಬರುವ ವರ್ಷಕ್ಕೆ. ಈ ಬೇಸಿಗೆಯಲ್ಲಿ ಬೆಂದವರು ಹಳೆಯ ನಿಯಮ ನಂಬಿ ಬೆಂದಿದ್ದಾರೆ, ಅವರ ಬಾಯಿಂದ ಕಸಿಯುವುದು ನ್ಯಾಯವಲ್ಲ. ಧರ್ಮಪಾಲರಿಗೆ ಅದು ಸರಿಯೆನಿಸಿತು. ಸರಿಯೆನಿಸಿದ್ದರಿಂದ ಇನ್ನಷ್ಟು ಸಂಕಟವಾಯಿತು. ಕೈಗಳು ಎದ್ದವು. ಎಲ್ಲ ಅಲ್ಲ, ಸಾಕಾಗುವಷ್ಟು. ಚೀಟಿ ಎತ್ತಿದಾಗ ಮುಹಿಯುದ್ದೀನನಿಗೆ ಪಟ್ಟಿ ಬಿತ್ತು. ತೌಫೀಕನಿಗೆ ಯಥಾಪ್ರಕಾರ ಇಲ್ಲ.

ವಾಪಸು ಬಸ್ಸಿನಲ್ಲೂ ಇಬ್ಬರೂ ಅಕ್ಕಪಕ್ಕ ಕೂತರು.

"ಸುಮ್ಮನೆ ಕೂತಿದ್ದರೆ ನಿಮಗೆ ಒಂದು ಬೀಳುತ್ತಿತ್ತು" ಅಂದ ತೌಫೀಕ್.

"ಬೀಳುತ್ತಿತ್ತೋ ಏನೋ."

"ಬೆಳಿಗ್ಗೆ ಬಸ್ಸಿನಲ್ಲೇ ಹೇಳಬಹುದಿತ್ತು ನೀವು."

"ಹೇಳಬಹುದಿತ್ತು. ನಿನ್ನ ರೊಟ್ಟಿ ತಿಂದೂ ಹೇಳಲಿಲ್ಲ ನೋಡು."

ತೌಫೀಕ್ ಕಿಟಕಿಗೆ ತಲೆ ಆನಿಸಿ, "ಮುಬೀನಳಿಗೆ ಇದನ್ನು ಹೇಳುವುದಿಲ್ಲ ಬಿಡಿ, ಹೇಳಿದರೆ ಮುಂದಿನ ಸಲ ನಿಮಗೆ ರೊಟ್ಟಿ ಕಳಿಸಲಿಕ್ಕಿಲ್ಲ" ಅಂದ.

ಮನೆಯಲ್ಲಿ ಶರ್ಮಿಳಾ ಬಾಗಿಲು ತೆಗೆದಳು. "ಪಟ್ಟಿ ಸಿಕ್ಕಿತಾ ಮಾವ?"

"ಇಲ್ಲ ಮಗಾ. ಈ ವರ್ಷ ಅಂಜಲ್ ಇಲ್ಲ."

"ಯಾಕೆ? ಚೀಟಿ ಬೀಳಲಿಲ್ಲವಾ?"

ಬೀಳಲಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವರು ಸೋಫಾದಲ್ಲಿ ಕೂರದೆ ಊಟದ ಮೇಜಿನ ಬಳಿ ನಿಂತು, ಡಬ್ಬಿ, ಬಸ್ಸು, ರೊಟ್ಟಿ, ಮುಹಿಯುದ್ದೀನನ ನಾಲಗೆ, ಎಲ್ಲ ಹೇಳಿದರು. ಆ ಮನೆಗೆ ಬಂದ ಮೇಲೆ ಅಷ್ಟು ಉದ್ದಕ್ಕೆ ಅವರು ಮಾತಾಡಿದ್ದು ಅದೇ ಮೊದಲು. ಶರ್ಮಿಳಾ ಚಮಚ ಕೈಯಲ್ಲಿ ಹಿಡಿದೇ ಕೇಳಿದಳು. ಚಂದ್ರಮತಿ ಗಂಡನ ತಟ್ಟೆಗೆ ಅನ್ನ ಬಡಿಸುವಾಗ ಒಂದು ಸೌಟು ಹೆಚ್ಚೇ ಬಿತ್ತು.

ಸುಜಿತ್ ಮಾತ್ರ ಗಾಬರಿಯಾದ. "ಸೆಕೆಯ ತಿಂಗಳಲ್ಲಿ ನೀವು ಅಲ್ಲಿ ಬಲೆ ಎಳೆಯಲಿಕ್ಕೆ ಹೋಗುವುದಾ ಅಪ್ಪ? ಈ ವಯಸ್ಸಿನಲ್ಲಾ? ನಾನು ನಿಮ್ಮ ಸ್ಪಾನ್ಸರ್, ಪರ್ಮಿಷನ್ ಕೊಡುವುದಿಲ್ಲ."

"ವೀಸಾಕ್ಕೆ ಸ್ಪಾನ್ಸರ್ ನೀನು. ಬಲೆಗಲ್ಲ" ಅಂದರು ಧರ್ಮಪಾಲರು. ಶರ್ಮಿಳಾ ಫಕ್ಕನೆ ನಕ್ಕಳು.

ಚಳಿಗಾಲ ಮೀನಿಲ್ಲದೆ ಹೋಯಿತು. ಸುಲಭವಾಗಿ ಹೋಯಿತು ಎನ್ನಲಾಗದು. ಬಳಗದವರು ಕಡಲಿಗೆ ಹೋದ ದಿನಗಳಲ್ಲಿ ವಾಟ್ಸಾಪಿನಲ್ಲಿ ಹಳದಿ ಪಟ್ಟಿಯ ಬಾಲಗಳ ಫೋಟೋ ಬರುತ್ತಿದ್ದವು. ಧರ್ಮಪಾಲರು ಕನ್ನಡಕ ಹಾಕಿ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡುತ್ತಿದ್ದರು.

ಮೇ ತಿಂಗಳ ಒಂದು ಶನಿವಾರ ಹೊಸ ನಿಯಮದ ಮೊದಲ ಕೆಲಸ. ದುಬೈ ಕಡೆಯಿಂದ ಬರುತ್ತೇವೆಂದು ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದವರು ಬಹಳ. ಬೆಳಿಗ್ಗೆ ಧಕ್ಕೆಗೆ ಬಂದಿಳಿದವರು ಧರ್ಮಪಾಲ, ತೌಫೀಕ್, ಮತ್ತು ತೌಫೀಕ್ ಹೇಗೋ ಎಳೆದು ತಂದ ಅವನ ಆಫೀಸಿನವನೊಬ್ಬ.

"ಇಷ್ಟೇನಾ ನಿಮ್ಮ ದುಬೈಯ ದಂಡು?" ಅಂದ ಮುಹಿಯುದ್ದೀನ್, ಮೊಣಕಾಲುದ್ದದ ನೀರಿನಲ್ಲಿ ನಿಂತು.

"ಮುಂದಿನ ಸಲ ಎರಡು ಬಸ್ಸು" ಅಂದ ತೌಫೀಕ್, ಪ್ಯಾಂಟು ಮಡಚುತ್ತಾ.

ಬಂಡೆಗಳ ನಡುವೆ ಯಾರೋ ಬಿಟ್ಟುಹೋದ ನೈಲಾನ್ ಬಲೆ ಸುತ್ತಿಕೊಂಡಿತ್ತು. ಪಾಚಿ ಹಿಡಿದು ಭಾರವಾಗಿತ್ತು, ಒಳಗೆ ಏಡಿಗಳು ಸತ್ತು ನಾರುತ್ತಿದ್ದವು. ಮುಹಿಯುದ್ದೀನ್ ಧರ್ಮಪಾಲರನ್ನು ಮೇಲಿಂದ ಕೆಳಗೆ ನೋಡಿದ. ನೆರಳಿನಲ್ಲಿ ಕುರ್ಚಿ ಹಾಕಿಕೊಡುತ್ತಾನೋ ಎಂದು ಅವರಿಗೆ ಹೆದರಿಕೆಯಾಯಿತು. ಅವನು ಸೊಂಟದಿಂದ ಚಾಕು ತೆಗೆದು ಹಿಡಿಯನ್ನು ಅವರ ಕಡೆ ಚಾಚಿದ.

"ಆ ತುದಿಯಿಂದ ಕತ್ತರಿಸುತ್ತಾ ಬನ್ನಿ. ಬಂಡೆ ಜಾರುತ್ತದೆ, ಬಿದ್ದರೆ ಎತ್ತಲಿಕ್ಕೆ ನನಗೆ ಪುರುಸೊತ್ತಿಲ್ಲ."

ಅವರು ನೀರಿಗಿಳಿದರು. ಬೆನ್ನು ಸುಡುತ್ತಿತ್ತು, ಕಾಲಿಗೆ ಉಪ್ಪುನೀರು ಹಿತವಾಗಿತ್ತು. ಬಲೆಯ ಕಣ್ಣುಗಳು ಚಾಕುವಿಗೆ ಒಂದೊಂದಾಗಿ ಬಿಟ್ಟುಕೊಡತೊಡಗಿದವು. ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಒದ್ದೆ ಬೆರಳಿನಲ್ಲಿ ಒತ್ತಿ ಕಿವಿಗಿಟ್ಟರೆ ಶರ್ಮಿಳಾ.

"ಮಾವ, ಕೆಲಸದಲ್ಲಿದ್ದೀರಾ? ಅಲ್ಲೇ ಹತ್ತಿರ ಮೀನಾ ಮಾರ್ಕೆಟ್ ಉಂಟಲ್ಲ. ಬರುವಾಗ ಸ್ವಲ್ಪ ಬಂಗುಡೆ ತರುತ್ತೀರಾ? ಆಪ್‌ನವರು ಕಳಿಸುವುದು ಯಾವಾಗಲೂ ಮೆತ್ತಗಿರುತ್ತದೆ, ನನಗೆ ನೋಡಿ ಆರಿಸಲಿಕ್ಕೆ ಬರುವುದಿಲ್ಲ. ಅತ್ತೆ ಮಸಾಲೆ ಅರೆದಿಡುತ್ತೇನೆ ಅಂದಿದ್ದಾರೆ."

"ತರುತ್ತೇನೆ" ಅಂದರು ಧರ್ಮಪಾಲರು. ಇನ್ನೂ ಏನಾದರೂ ಹೇಳಬೇಕೆನಿಸಿತು. "ಐಸು ಹಾಕಿಸಿಯೇ ತರುತ್ತೇನೆ. ಸಂಜೆಯಾಗಬಹುದು" ಅಂದರು.

ಫೋನು ಕಿಸೆಗಿಟ್ಟು ಮುಹಿಯುದ್ದೀನನ ಕಡೆ ತಿರುಗಿದರು. "ಮೀನಾ ಮಾರ್ಕೆಟ್ಟಿನಲ್ಲಿ ಒಳ್ಳೆಯ ಬಂಗುಡೆ ಮುಗಿಯುವುದು ಎಷ್ಟು ಹೊತ್ತಿಗೆ? ಸೊಸೆ ತರಲಿಕ್ಕೆ ಹೇಳಿದ್ದಾಳೆ."

"ಟ್ಯಾಕ್ಸಿಯಲ್ಲಿ ನಾನೇ ಬಿಡುತ್ತೇನೆ" ಅಂದ ಮುಹಿಯುದ್ದೀನ್, ಬಲೆಯಿಂದ ತಲೆ ಎತ್ತದೆ. "ಮೊದಲು ಇದನ್ನು ಕತ್ತರಿಸಿ. ಬಂಗುಡೆ ಎಲ್ಲಿಗೂ ಓಡಿಹೋಗುವುದಿಲ್ಲ."